ಹಳೆಯ ವಾಲ್ವ್ ಟಿ.ವಿ.: ಇಪ್ಪತ್ತು ನಿಮಿಷ ಓಡಿದ ಮೇಲೆ ಚಿತ್ರದ ತಳಭಾಗ ಮಡಚಿಕೊಳ್ಳುತ್ತಿದೆ

ಆಲ್ದೂರಿನ ಆಸಕ್ತ (ಚಿಕ್ಕಮಗಳೂರು):

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಕೊಂಡಿದ್ದ, ಮುಂದೆ ಬಾಗಿಲು ಎಳೆದು ಬೀಗ ಹಾಕುವಂಥ ಮರದ ಪೆಟ್ಟಿಗೆಯ 20 ಇಂಚಿನ ಕಪ್ಪು-ಬಿಳುಪು ಟಿ.ವಿ.ಯೊಂದು ಆಲ್ದೂರಿನ ಬಳಿಯ ನಮ್ಮ ತೋಟದ ಮನೆಯ ಅಟ್ಟದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗೋಣಿಚೀಲ ಹೊದ್ದು ಕುಳಿತಿತ್ತು. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾದ ಮರುವರ್ಷವೇ ಇದನ್ನು ತಂದದ್ದೆಂದು ದೊಡ್ಡಮ್ಮ ಹೇಳುತ್ತಾರೆ. ಸೆಟ್ಟು ಅರ್ಧ ವಾಲ್ವ್ (ಕಾದು ಕೆಲಸ ಮಾಡುವ ಗಾಜಿನ ಕೊಳವೆ), ಅರ್ಧ ಟ್ರಾನ್ಸಿಸ್ಟರ್ ಇರುವ ಹೈಬ್ರಿಡ್ ಜಾತಿಯದು. ಲೈನ್ ಔಟ್‌ಪುಟ್ಟಿಗೆ (ಕಿರಣವನ್ನು ಅಡ್ಡಡ್ಡ ಓಡಿಸುವ ಭಾಗ) ಪಿಎಲ್ 504, ಅದರ ಜೊತೆಗೆ ಪಿವೈ 88, ಈಎಚ್‌ಟಿಗೆ (ಪಿಕ್ಚರ್ ಟ್ಯೂಬಿನ ಅತಿ ಹೆಚ್ಚಿನ ವೋಲ್ಟೇಜ್) ಡಿವೈ 802, ಫ್ರೇಮ್ ಭಾಗಕ್ಕೆ (ಕಿರಣವನ್ನು ಮೇಲಿಂದ ಕೆಳಗಿಳಿಸುವ ಭಾಗ) ಪಿಸಿಎಲ್ 805, ಧ್ವನಿಗೆ ಪಿಸಿಎಲ್ 86 ಇವೆ.

ಇದುವರೆಗೆ ಮಾಡಿದ್ದನ್ನು ಹೇಳಿಬಿಡುತ್ತೇನೆ. ಮಳೆಗಾಲದ ತೇವ ಕುಡಿದಿದ್ದ ಸೆಟ್ಟನ್ನು ಮೂರು ದಿನ ಕಾಫಿ ಕಣದ ಅಂಚಿನಲ್ಲಿ, ನೆರಳಿನಲ್ಲಿಟ್ಟು ಒಣಗಿಸಿದೆ. ಆಮೇಲೆ ಎರಡು ರಾತ್ರಿ ಪೆಟ್ಟಿಗೆಯೊಳಗೆ 60 ವ್ಯಾಟ್ ಬಲ್ಬ್ ಉರಿಸಿಟ್ಟೆ. ಫಿಲ್ಟರ್ ಕಂಡೆನ್ಸರ್‌ಗಳು ಉಬ್ಬಿದ್ದರಿಂದ ಹೊಸವನ್ನು ಹಾಕಿದೆ. ಮೊದಲ ಬಾರಿ ಚಾಲೂ ಮಾಡುವಾಗ 200 ವ್ಯಾಟ್ ಬಲ್ಬನ್ನು ಸರಣಿಯಲ್ಲಿ ಹಾಕಿದ್ದೆ. ಶಾರ್ಟ್ ಏನೂ ಕಾಣಲಿಲ್ಲ. ಅನಲಾಗ್ ಪ್ರಸಾರ ನಿಂತುಹೋಗಿರುವುದರಿಂದ ಹಳೆಯ ಡಿವಿಡಿ ಪ್ಲೇಯರಿಗೆ ವಿಎಚ್‌ಎಫ್ ಮಾಡ್ಯುಲೇಟರ್ ಜೋಡಿಸಿ, 4ನೇ ಚಾನೆಲ್ಲಿಗೆ ಟ್ಯೂನ್ ಮಾಡಿ, 75 ಓಮ್‌ನಿಂದ 300 ಓಮ್‌ಗೆ ಹೊಂದಿಸುವ ಬಾಲನ್ ಎಂಬ ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಆಂಟೆನಾ ತಿರುಪುಗಳಿಗೆ ಕೊಟ್ಟಿದ್ದೇನೆ. ಚಿತ್ರವೂ ಧ್ವನಿಯೂ ಬಂದವು, ದೊಡ್ಡಮ್ಮನ ಕಣ್ಣಲ್ಲಿ ನೀರೂ ಬಂತು.

ಈಗ ಸಮಸ್ಯೆ. ಚಾಲೂ ಮಾಡಿದಾಗ ಚಿತ್ರ ಪರದೆಯ ತುಂಬ ಇರುತ್ತದೆ, ತಳದಲ್ಲಿ ಅಲ್ಪಸ್ವಲ್ಪ ಇಕ್ಕಟ್ಟಾದಂತೆ ಕಾಣುತ್ತದೆ ಅಷ್ಟೆ. ಸುಮಾರು ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ತಳದ ಎರಡು ಇಂಚು ಮೇಲಕ್ಕೆ ಏರಿ, ಪಂಚೆಯ ಅಂಚು ಮಡಚಿದಂತೆ ತನ್ನ ಮೇಲೆಯೇ ಮಡಚಿಕೊಂಡು ಬೆಳ್ಳನೆಯ ಪಟ್ಟಿಯಾಗುತ್ತದೆ. ಚಿತ್ರದ ಎತ್ತರ ಹೊಂದಿಸುವ ಹೈಟ್ ತಿರುಗಿಸಿದರೆ ಮೇಲ್ಭಾಗ ಮಾತ್ರ ಹಿಗ್ಗುತ್ತದೆ, ತಳ ಜಗ್ಗುವುದಿಲ್ಲ. ಒಂದು ಗಂಟೆ ಆರಿಸಿಟ್ಟರೆ ಮತ್ತೆ ಸರಿ, ಮತ್ತೆ ಇಪ್ಪತ್ತು ನಿಮಿಷಕ್ಕೆ ಅದೇ ಕಥೆ. ನಮ್ಮಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆಂಬುದು ನಿಜವಾದರೂ, ಸ್ಟೆಬಿಲೈಜರ್ ಹಾಕಿ 230 ವೋಲ್ಟ್ ಇಟ್ಟಾಗಲೂ ದೋಷ ಹೀಗೆಯೇ ಇದೆ. ಪಿಸಿಎಲ್ 805 ವಾಲ್ವನ್ನು ಬದಲಿಸಬೇಕೇ? ಬಲ್ಲವರು ದಾರಿ ತೋರಿಸಬೇಕು.

ಅರಸೀಕೆರೆ ರೇಡಿಯೋ:

ನನ್ನ ಅನುಭವ ಟಿ.ವಿ.ಯದಲ್ಲ, ವಾಲ್ವ್ ರೇಡಿಯೋಗಳದು. ಬಿಸಿಯಾದ ಮೇಲೆ ಕೆಡುವುದೆಂದರೆ ವಾಲ್ವ್ ಮುದಿಯಾಗಿದೆ ಎಂದೇ ನನ್ನ ಅನುಮಾನ. ರೇಡಿಯೋದಲ್ಲಾದರೆ ನಾನು ಔಟ್‌ಪುಟ್ ವಾಲ್ವನ್ನು ಸಾಕೆಟ್ಟಿನಿಂದ ಕಿತ್ತು, ಸೆಟ್ಟನ್ನು ಚಾಲೂ ಇಟ್ಟು, ಗ್ರಿಡ್ (ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಭಾಗ) ಕಾಲಿನಲ್ಲಿ ವೋಲ್ಟೇಜ್ ಇದೆಯೇ ಎಂದು ನೋಡುತ್ತೇನೆ. ಅದನ್ನು ಇಲ್ಲಿಯೂ ಮಾಡಿ ನೋಡಬಹುದು. ಇಲ್ಲವಾದರೆ ಹೊಸ ವಾಲ್ವ್ ತರಿಸಿ ಹಾಕುವುದೇ ಸುಲಭ.

ಹಾಸನದ ಹಳೆ ಮೆಕ್ಯಾನಿಕ್:

ಅರಸೀಕೆರೆಯವರ ಯೋಚನೆಯ ದಿಕ್ಕು ಸರಿಯಾಗಿದೆ, ಗ್ರಿಡ್ಡಿನ ವೋಲ್ಟೇಜನ್ನೇ ನೋಡಬೇಕು. ಆದರೆ ಅವರು ಹೇಳಿದ ಕ್ರಮ ಈ ಸೆಟ್ಟಿನಲ್ಲಿ ನಡೆಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಇರುವ ರೇಡಿಯೋಗಳಲ್ಲಿ ಬರುವ ಇ ಅಕ್ಷರದ ವಾಲ್ವ್‌ಗಳಿಗೆ 6.3 ವೋಲ್ಟಿನ ಹೀಟರ್ (ವಾಲ್ವನ್ನು ಕಾಯಿಸುವ ತಂತಿ). ಅವೆಲ್ಲ ಪಕ್ಕಪಕ್ಕದಲ್ಲಿ ಸಮಾನಾಂತರವಾಗಿ ಉರಿಯುತ್ತವೆ, ಒಂದನ್ನು ಕಿತ್ತರೆ ಉಳಿದವಕ್ಕೆ ಗೊತ್ತೇ ಆಗುವುದಿಲ್ಲ. ಪಿ ಅಕ್ಷರದವುಗಳದು 300 ಮಿಲಿಆಂಪಿಯರಿನ ಹೀಟರ್, ಮತ್ತು ಅವೆಲ್ಲ ಹೂವಿನ ಮಾಲೆಯಂತೆ ಒಂದರ ಹಿಂದೊಂದು ಸರಣಿಯಲ್ಲಿ ಪೋಣಿಸಿರುತ್ತವೆ. ಪಿಕ್ಚರ್ ಟ್ಯೂಬಿನ ಹೀಟರ್ ಕೂಡ ಅದೇ ಮಾಲೆಯಲ್ಲಿರುತ್ತದೆ. ಪಿಸಿಎಲ್ 805 ಕಿತ್ತ ಕ್ಷಣ ಇಡೀ ಸೆಟ್ಟು ಕತ್ತಲಾಗುತ್ತದೆ.

ಅದಕ್ಕಿಂತ ಮುಖ್ಯವಾದ ಮಾತೊಂದನ್ನು ಮೊದಲೇ ಹೇಳಬೇಕು. ಇಂಥ ಸೆಟ್ಟಿನಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದಿರುವುದರಿಂದ ಮೇನ್ಸಿನ ಒಂದು ತಂತಿ ನೇರವಾಗಿ ಷಾಸಿಗೇ (ಸೆಟ್ಟಿನ ಲೋಹದ ಚೌಕಟ್ಟಿಗೇ) ಸೇರಿರುತ್ತದೆ. ಎರಡು ಕಡ್ಡಿಯ ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಷಾಸಿಯಲ್ಲಿ ಪೂರ್ತಿ 230 ವೋಲ್ಟ್ ನಿಲ್ಲುತ್ತದೆ. ನೀವು ಹಾಕಿರುವ ಸ್ಟೆಬಿಲೈಜರ್ ಇದರಿಂದ ಕಾಪಾಡುವುದಿಲ್ಲ, ಏಕೆಂದರೆ ಸಾಮಾನ್ಯ ಸ್ಟೆಬಿಲೈಜರಿನ ಒಳಗೆ ಮೇನ್ಸಿನಿಂದ ಬೇರ್ಪಡೆ ಇರುವುದಿಲ್ಲ. ಆ ಬೇರ್ಪಡೆ ಕೊಡುವ 300 ವಿಎ ಸಾಮರ್ಥ್ಯದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ದಯವಿಟ್ಟು ಮೀಟರ್ ಹಿಡಿಯಬೇಡಿ. ಪಿಕ್ಚರ್ ಟ್ಯೂಬಿನ ಆನೋಡಿನಲ್ಲಿ (ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಭಾಗದಲ್ಲಿ) ಆರಿಸಿದ ಮೇಲೂ ಸಾವಿರಾರು ವೋಲ್ಟಿನ ಚಾರ್ಜ್ ಉಳಿದಿರುತ್ತದೆ. ಆ ಕಡೆ ಕೈ ಹಾಕುವ ಅಗತ್ಯ ಈ ಕೆಲಸದಲ್ಲಿ ಇಲ್ಲ, ಹಾಕಲೂಬೇಡಿ.

ಈಗ ದೋಷಕ್ಕೆ ಬರೋಣ. ಪಿಸಿಎಲ್ 805ರ ಒಂದೇ ಗಾಜಿನೊಳಗೆ ಟ್ರಯೋಡ್ ಮತ್ತು ಪೆಂಟೋಡ್ ಎಂಬ ಎರಡು ವಾಲ್ವ್‌ಗಳಿವೆ. ಎರಡೂ ಸೇರಿ ಸೆಕೆಂಡಿಗೆ 50 ಬಾರಿ ಗರಗಸದ ಹಲ್ಲಿನಂಥ ಅಲೆಯನ್ನು ಮಾಡುತ್ತವೆ, ಪೆಂಟೋಡ್ ಅದನ್ನು ಬಲಪಡಿಸಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೂಲಕ ಯೋಕಿಗೆ (ಪಿಕ್ಚರ್ ಟ್ಯೂಬಿನ ಕುತ್ತಿಗೆಯ ಮೇಲಿನ, ಕಿರಣವನ್ನು ಬಾಗಿಸುವ ಸುರುಳಿಗೆ) ಕೊಡುತ್ತದೆ. ಕಿರಣ ಪರದೆಯ ಮೇಲಿಂದ ಕೆಳಗಿಳಿಯುತ್ತ ಹೋದಂತೆ ಪೆಂಟೋಡಿನ ಕರೆಂಟ್ ಏರುತ್ತ ಹೋಗುತ್ತದೆ, ಅಂದರೆ ಪರದೆಯ ತಳ ಎಂದರೆ ವಾಲ್ವಿಗೆ ಅತಿ ಹೆಚ್ಚಿನ ದುಡಿಮೆಯ ಹೊತ್ತು. ಟ್ರಯೋಡಿನ ಆನೋಡಿನಿಂದ ಪೆಂಟೋಡಿನ ಗ್ರಿಡ್ಡಿಗೆ ಅಲೆಯನ್ನು ದಾಟಿಸುವ ಕಪ್ಲಿಂಗ್ ಕಂಡೆನ್ಸರ್ ಲೀಕ್ ಆದರೆ ಆನೋಡಿನ ಡಿಸಿ ವೋಲ್ಟೇಜ್ ಸೋರಿ ಗ್ರಿಡ್ಡನ್ನು ಪಾಸಿಟಿವ್ ಮಾಡುತ್ತದೆ. ಮೊದಲೇ ದುಡಿಯುತ್ತಿರುವ ವಾಲ್ವಿನ ಮೇಲೆ ಇನ್ನಷ್ಟು ಹೊರೆ ಬಿದ್ದು, ಅದು ಇನ್ನು ಏರಲಾರದೆ ನಿಂತುಬಿಡುತ್ತದೆ. ಹಾಗೆ ನಿಂತ ಜಾಗವೇ ನೀವು ಕಾಣುತ್ತಿರುವ ಮಡಿಕೆ. ಲೀಕ್ ಬಿಸಿಯೊಂದಿಗೆ ಹೆಚ್ಚುವುದರಿಂದ ಇಪ್ಪತ್ತು ನಿಮಿಷದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಮಲೆನಾಡಿನ ಅಟ್ಟದಲ್ಲಿ ಮೂವತ್ತು ಮಳೆಗಾಲ ಕಳೆದ ಕಾಗದದ ಕಂಡೆನ್ಸರ್ ಲೀಕ್ ಆಗದಿದ್ದರೇ ಆಶ್ಚರ್ಯ.

ಮೊದಲು ಪೆಂಟೋಡಿನ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡುವ ಭಾಗ) ರೆಸಿಸ್ಟೆನ್ಸಿನ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯಿರಿ, ಒಮ್ಮೆ ಚಾಲೂ ಮಾಡಿದ ಐದನೇ ನಿಮಿಷಕ್ಕೆ, ಇನ್ನೊಮ್ಮೆ ಮಡಿಕೆ ಬಂದ ಮೇಲೆ. ನಂತರ ಆರಿಸಿ, ಕಪ್ಲಿಂಗ್ ಕಂಡೆನ್ಸರಿನ ಗ್ರಿಡ್ ಕಡೆಯ ಕಾಲನ್ನು ಮಾತ್ರ ಬೆಸುಗೆಯಿಂದ ಬಿಡಿಸಿ, ಆ ಕಾಲಿಗೂ ಷಾಸಿಗೂ ನಡುವೆ ಡಿಜಿಟಲ್ ಮೀಟರನ್ನು ಮೊಸಳೆ ಕ್ಲಿಪ್ಪಿನಿಂದ ಹಿಡಿಸಿ, ಬಿಸಿ ಆರುವ ಮೊದಲೇ ಮತ್ತೆ ಚಾಲೂ ಮಾಡಿ. ಈ ಸ್ಥಿತಿಯಲ್ಲಿ ಪರದೆಯ ಮಧ್ಯೆ ಅಡ್ಡಲಾಗಿ ಒಂದೇ ಗೆರೆ ಬರುತ್ತದೆ. ಅದು ಫಾಸ್ಫರನ್ನು ಸುಟ್ಟು ಶಾಶ್ವತ ಕಲೆ ಮಾಡಬಲ್ಲದು, ಆದ್ದರಿಂದ ಬ್ರೈಟ್‌ನೆಸ್ಸನ್ನು ಪೂರ್ತಿ ಇಳಿಸಿಯೇ ಚಾಲೂ ಮಾಡಿ. ಕಂಡೆನ್ಸರಿನ ಆನೋಡ್ ಕಡೆಯ ವೋಲ್ಟೇಜನ್ನೂ ಅದೇ ಹೊತ್ತಿಗೆ ಬರೆದುಕೊಳ್ಳಿ. ಕಾಲುಗಳ ಸಂಖ್ಯೆಯನ್ನು ಡೇಟಾ ಷೀಟ್ ನೋಡಿಯೇ ಗುರುತಿಸಿ. ನನ್ನ ನೆನಪಿನ ಮೇಲೆ ನಿಮ್ಮ ಸೆಟ್ಟನ್ನು ಪಣಕ್ಕಿಡುವುದು ಬೇಡ.

ಆಲ್ದೂರಿನ ಆಸಕ್ತ:

ಸರ್, ತಮ್ಮ ಮಾತಿನಂತೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸಿಗುವವರೆಗೆ ಕಾದೆ. ಚಿಕ್ಕಮಗಳೂರಿನಲ್ಲಿ ಸಿಗದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಂಡದ್ದರಿಂದ ತಡವಾಯಿತು. ಕ್ಯಾಥೋಡ್ ರೆಸಿಸ್ಟೆನ್ಸ್ 330 ಓಮ್. ಐದನೇ ನಿಮಿಷಕ್ಕೆ 14 ವೋಲ್ಟ್ ಇತ್ತು, ಮಡಿಕೆ ಬಂದ ಮೇಲೆ 21 ವೋಲ್ಟ್. ಕಂಡೆನ್ಸರಿನ ಮೇಲೆ 0.1 ಮೈಕ್ರೋಫ್ಯಾರಡ್ ಎಂದಿದೆ. ಬಿಡಿಸಿದ ಕಾಲಿನಲ್ಲಿ 55 ವೋಲ್ಟ್ ಬಂತು, ಇನ್ನೊಂದು ತುದಿಯಲ್ಲಿ 110 ವೋಲ್ಟ್. ಗ್ರಿಡ್ಡಿನಿಂದ ಷಾಸಿಗಿರುವ ರೆಸಿಸ್ಟೆನ್ಸ್ 1 ಮೆಗಾಓಮ್. ಆದರೆ ಒಂದು ಗೊಂದಲವಿದೆ. ಅದೇ ಕಂಡೆನ್ಸರನ್ನು ಹೊರತೆಗೆದು ಕೆಪಾಸಿಟೆನ್ಸ್ ಮೀಟರಿನಲ್ಲಿ ನೋಡಿದರೆ 0.11 ತೋರಿಸುತ್ತದೆ, ಅಂದರೆ ಸರಿಯಾಗಿದೆ. ಓಮ್ ಅಳತೆಯಲ್ಲಿಯೂ ಏನೂ ಕಾಣುವುದಿಲ್ಲ.

ಹಾಸನದ ಹಳೆ ಮೆಕ್ಯಾನಿಕ್:

ಗೊಂದಲಕ್ಕೆ ಕಾರಣ ಮೀಟರ್. ಕೆಪಾಸಿಟೆನ್ಸ್ ಮೀಟರಾಗಲಿ ಓಮ್ ಅಳತೆಯಾಗಲಿ ಕಂಡೆನ್ಸರಿಗೆ ಕೊಡುವುದು ಕೆಲವೇ ವೋಲ್ಟ್. ಮೇಜಿನ ಮೇಲೆ ತಣ್ಣಗಿದ್ದಾಗ, ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಅದು ಸಾಧುವಾಗಿಯೇ ಕಾಣುತ್ತದೆ. ಸೆಟ್ಟಿನೊಳಗೆ ಬಿಸಿಯಲ್ಲಿ ನೂರು ವೋಲ್ಟ್ ಹೊತ್ತಾಗ ಮಾತ್ರ ಬಣ್ಣ ಬಯಲಾಗುತ್ತದೆ.

ನಿಮ್ಮ ಅಂಕಿಗಳೇ ಉಳಿದದ್ದನ್ನು ಹೇಳುತ್ತಿವೆ. ಸಾಮಾನ್ಯ ಡಿಜಿಟಲ್ ಮೀಟರಿನ ಒಳಗಿನ ರೋಧ 10 ಮೆಗಾಓಮ್. 110 ವೋಲ್ಟಿನಲ್ಲಿ ಸರಿಯಾಗಿ ಅರ್ಧ, 55 ವೋಲ್ಟ್, ಮೀಟರಿಗೆ ಬಂದಿದೆಯೆಂದರೆ ಕಂಡೆನ್ಸರಿನ ಲೀಕ್ ಕೂಡ 10 ಮೆಗಾಓಮಿನಷ್ಟೇ ಇದೆ. ಈಗ ಮೀಟರಿನ ಬದಲು ಸರ್ಕೀಟಿನ 1 ಮೆಗಾಓಮನ್ನು ಇಟ್ಟು ನೋಡಿ. 110ನ್ನು 11 ಪಾಲು ಮಾಡಿದರೆ ಗ್ರಿಡ್ಡಿಗೆ ಬರುವ ಪಾಲು 10 ವೋಲ್ಟ್. ಒಳ್ಳೆಯ ಕಂಡೆನ್ಸರಿದ್ದರೆ ಅಲ್ಲಿ ಬರಬೇಕಾದ ಲೀಕ್ ಪಾಲು ಸೊನ್ನೆ. ಅತ್ತ ಕ್ಯಾಥೋಡಿನ 14 ವೋಲ್ಟನ್ನು 330ರಿಂದ ಭಾಗಿಸಿದರೆ ಸುಮಾರು 42 ಮಿಲಿಆಂಪಿಯರ್, 21 ವೋಲ್ಟಾದಾಗ ಸುಮಾರು 64. ವಾಲ್ವ್ ತನ್ನ ಕರ್ತವ್ಯಕ್ಕಿಂತ ಅರ್ಧದಷ್ಟು ಹೆಚ್ಚು ದುಡಿಯುತ್ತಿದೆ. ಈ ಸ್ಥಿತಿಯಲ್ಲಿ ಹೊಸ ಪಿಸಿಎಲ್ 805 ಹಾಕಿದ್ದರೆ ಒಂದೆರಡು ದಿನ ಚಿತ್ರ ಚೆನ್ನಾಗಿ ಕಂಡು, ಆ ಹೊಸ ವಾಲ್ವೂ ಅದೇ ಹೊರೆಯಲ್ಲಿ ಸವೆಯುತ್ತಿತ್ತು. ನಮ್ಮ ಕಾಲದ ಅಂಗಡಿಗಳಲ್ಲಿ ಗಿರಾಕಿ ತಿಂಗಳಿಗೊಮ್ಮೆ ವಾಲ್ವ್ ಬದಲಿಸಲು ಬರುತ್ತಿದ್ದುದರ ಗುಟ್ಟು ಬಹುಪಾಲು ಇದೇ ಎಂದು ನನ್ನ ಅಭಿಪ್ರಾಯ. ವಾಲ್ವ್ ಬದಲಿಸುವುದು ಎರಡು ನಿಮಿಷದ ಕೆಲಸ, ಕಂಡೆನ್ಸರ್ ಹುಡುಕುವುದು ಅರ್ಧ ದಿನದ್ದು.

0.1 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕಂಡೆನ್ಸರ್ ಹಾಕಿ. ಹಾಕಿದ ಮೇಲೂ ಬಿಸಿಯಲ್ಲಿ ಕ್ಯಾಥೋಡ್ ವೋಲ್ಟೇಜ್ ಏರಿದರೆ ಆಗ ವಾಲ್ವನ್ನು ದೂರಬಹುದು, ಏಕೆಂದರೆ ಮುದಿ ವಾಲ್ವಿನ ಗ್ರಿಡ್ ತಾನೇ ಕಾದು ಎಲೆಕ್ಟ್ರಾನ್ ಉಗುಳುವುದೂ ಉಂಟು, ಅದೂ ಗ್ರಿಡ್ಡನ್ನು ಪಾಸಿಟಿವ್ ಕಡೆಗೇ ಎಳೆಯುತ್ತದೆ. ಚಾಲೂ ಮಾಡಿದಾಗಲೇ ತಳ ಅಲ್ಪ ಇಕ್ಕಟ್ಟಾಗಿತ್ತೆಂದು ಬರೆದಿದ್ದಿರಿ. ಅದು ಬೇರೆಯ ದೋಷವಿರಬಹುದು. ಕ್ಯಾಥೋಡ್ ರೆಸಿಸ್ಟೆನ್ಸಿಗೆ ಅಡ್ಡಲಾಗಿರುವ ಎಲೆಕ್ಟ್ರೊಲಿಟಿಕ್ ಕಂಡೆನ್ಸರನ್ನೂ ಕೈಯೊಡನೆ ನೋಡಿಬಿಡಿ.

ಆಲ್ದೂರಿನ ಆಸಕ್ತ:

ಕಂಡೆನ್ಸರ್ ಬದಲಿಸಿ ನಿನ್ನೆ ಸಂಜೆ ಮೂರು ಗಂಟೆ ಓಡಿಸಿದೆ. ಕ್ಯಾಥೋಡ್ ವೋಲ್ಟೇಜ್ ಆರಂಭದಲ್ಲಿ 13.8, ಮೂರು ಗಂಟೆಯ ನಂತರ 14.1. ಮಡಿಕೆ ಮತ್ತೆ ಬರಲಿಲ್ಲ. ಕ್ಯಾಥೋಡಿನ ಎಲೆಕ್ಟ್ರೊಲಿಟಿಕ್ಕಿನ ಮೇಲೆ 100 ಮೈಕ್ರೋಫ್ಯಾರಡ್ ಎಂದು ಬರೆದಿದ್ದರೂ ಅಳತೆಗೆ ಸಿಕ್ಕಿದ್ದು 18 ಮಾತ್ರ, ಪೂರ್ತಿ ಒಣಗಿತ್ತು. ಅದನ್ನೂ ಬದಲಿಸಿದ ಮೇಲೆ ಚಿತ್ರ ಪರದೆಯನ್ನು ದಾಟಿ ಹೋಗುವಷ್ಟು ಎತ್ತರವಾಯಿತು, ಹೈಟನ್ನು ಇಳಿಸಬೇಕಾಯಿತು. ವೃತ್ತದ ಚಿತ್ರವೊಂದನ್ನು ಡಿವಿಡಿಯಲ್ಲಿ ಹಾಕಿ ಲೀನಿಯಾರಿಟಿಯನ್ನೂ (ಚಿತ್ರ ಮೇಲೆ ಕೆಳಗೆ ಸಮನಾಗಿ ಹರಡುವುದನ್ನೂ) ಸರಿಪಡಿಸಿದೆ. ಮೊಟ್ಟೆಯಂತಿದ್ದದ್ದು ಈಗ ಚಂದ್ರನಂತಿದೆ. ಹಳೆಯ ಪಿಸಿಎಲ್ 805 ವಾಲ್ವೇ ಇನ್ನೂ ದುಡಿಯುತ್ತಿದೆ.

ಒಂದು ಪ್ರಶ್ನೆ ಉಳಿದಿದೆ. ಲೈನ್ ಔಟ್‌ಪುಟ್ ಭಾಗದಲ್ಲಿ, ಪಿವೈ 88ರ ಪಕ್ಕದಲ್ಲಿ ಅದೇ ಕಂಪನಿಯ, ಅದೇ ಕಂದು ಬಣ್ಣದ ಇನ್ನೊಂದು ಕಾಗದದ ಕಂಡೆನ್ಸರ್ ಇದೆ. ಅದು ಈಗ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಮುಟ್ಟಬೇಕೇ, ಬಿಡಬೇಕೇ?

ಅರಸೀಕೆರೆ ರೇಡಿಯೋ:

ಕೆಲಸ ಮಾಡುತ್ತಿರುವುದನ್ನು ಮುಟ್ಟಬಾರದೆಂಬುದು ನನ್ನ ರೂಢಿ. ಆದರೆ ಈ ಚರ್ಚೆ ಓದಿದ ಮೇಲೆ ನನ್ನ ಬಳಿಯಿರುವ ಎರಡು ರೇಡಿಯೋಗಳ ಕಪ್ಲಿಂಗ್ ಕಂಡೆನ್ಸರ್‌ಗಳನ್ನು ಇದೇ ರೀತಿ ಮೀಟರ್ ಹಿಡಿದು ನೋಡಿದೆ, ಒಂದರಲ್ಲಿ 30 ವೋಲ್ಟ್ ಬಂತು. ಅದರ ವಾಲ್ವನ್ನು ನಾನು ಈಗಾಗಲೇ ಎರಡು ಬಾರಿ ಬದಲಿಸಿದ್ದೇನೆ.

ಹಾಸನದ ಹಳೆ ಮೆಕ್ಯಾನಿಕ್:

ಆಲ್ದೂರಿನವರೇ, ಅದು ಬೂಸ್ಟ್ ಕಂಡೆನ್ಸರ್ (ಲೈನ್ ಭಾಗದ ಹೆಚ್ಚುವರಿ ವೋಲ್ಟೇಜನ್ನು ಹಿಡಿದಿಡುವಂಥದ್ದು) ಇರಬೇಕು, ಬದಲಿಸಿಯೇ ಬಿಡಿ. ಕಪ್ಲಿಂಗ್ ಕಂಡೆನ್ಸರ್ ಕೆಟ್ಟರೆ ಚಿತ್ರ ಮಡಚುತ್ತದೆ ಅಷ್ಟೆ, ಬೂಸ್ಟ್ ಕಂಡೆನ್ಸರ್ ಶಾರ್ಟ್ ಆದರೆ ಪಿಎಲ್ 504ರ ಆನೋಡ್ ಕೆಂಡದಂತೆ ಕೆಂಪಾಗಿ, ವಾಲ್ವಿನ ಜೊತೆಗೆ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕಬಹುದು. ವಾಲ್ವ್ ಇಂದಿಗೂ ಹುಡುಕಿದರೆ ಸಿಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ. ಹಳೆಯದರ ಮೇಲೆ ಬರೆದಿರುವ ಮೌಲ್ಯವನ್ನೇ ಇಟ್ಟುಕೊಳ್ಳಿ, ವೋಲ್ಟೇಜ್ ಮಾತ್ರ 1000ಕ್ಕಿಂತ ಕಡಿಮೆ ಬೇಡ, ಮತ್ತು ಜಾತಿ ಪಾಲಿಪ್ರೊಪಿಲೀನೇ ಆಗಿರಲಿ. ಲೈನ್ ಭಾಗದಲ್ಲಿ ಸೆಕೆಂಡಿಗೆ 15,625 ಬಾರಿ ಬರುವ ಪಲ್ಸಿಗೆ ಪಾಲಿಯೆಸ್ಟರ್ ಬಿಸಿಯಾಗುತ್ತದೆ. ಬೆಸುಗೆ ಹಾಕಿದ ಮೇಲೆ ತುದಿಗಳನ್ನು ಚೂಪಾಗಿ ಬಿಡದೆ ಗುಂಡಗೆ ಮಾಡಿ. ನಿಮ್ಮ ಕಡೆಯ ಜುಲೈ ತಿಂಗಳ ಹವೆಯಲ್ಲಿ ಚೂಪು ತುದಿಯಿದ್ದರೆ ಅಲ್ಲಿಂದಲೇ ಚಿಟಚಿಟ ಎಂದು ಕಿಡಿ ಹಾರಲು ಶುರುವಾಗುತ್ತದೆ.