ಐದು ಸಲ ಬ್ಯಾಟಿಂಗಿಗೆ ಬಂದವನ ಸರಾಸರಿಯನ್ನು ಎರಡರಿಂದ ಭಾಗಿಸುವುದೇಕೆ?

ಪ್ರಶ್ನೆ (ಹೊಸ ಪ್ರೇಕ್ಷಕ):
ಎಲ್ಲರಿಗೂ ನಮಸ್ಕಾರ. ಕ್ರಿಕೆಟ್ ನೋಡಿಯೇ ಬೆಳೆದ ನಾನು ಬಾಸ್ಟನ್ನಿಗೆ ಬಂದ ಮೇಲೆ ಮಗಳ ಒತ್ತಾಯಕ್ಕೆ ಬೇಸ್‌ಬಾಲ್ ನೋಡತೊಡಗಿದ್ದೇನೆ. ಕಳೆದ ವಾರ ಫೆನ್‌ವೇ ಪಾರ್ಕಿನಲ್ಲಿ ಇಬ್ಬರೂ ನೋಟ್‌ಬುಕ್ಕಿನಲ್ಲಿ ಸ್ಕೋರು ಬರೆಯುತ್ತ ಕುಳಿತಿದ್ದೆವು. ಒಬ್ಬ ಆಟಗಾರ ಐದು ಸಲ ಬ್ಯಾಟಿಂಗಿಗೆ ಬಂದ. ಎರಡು ಸಲ ವಾಕ್ ಪಡೆದ (ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದ್ದರಿಂದ ಹೊಡೆಯದೆಯೇ ಮೊದಲ ಬೇಸ್ ಸಿಕ್ಕಿತು). ಒಂದು ಸಲ ಎತ್ತಿ ಹೊಡೆದು ಕ್ಯಾಚ್ ಕೊಟ್ಟರೂ ಮೂರನೇ ಬೇಸಿನಲ್ಲಿದ್ದ ಜೊತೆಗಾರ ಅಷ್ಟರಲ್ಲಿ ಓಡಿ ರನ್ ಗಳಿಸಿದ. ಒಂದು ಡಬಲ್ ಹೊಡೆದ, ಅಂದರೆ ಹೊಡೆದು ಎರಡನೇ ಬೇಸ್ ತಲುಪಿದ. ಒಮ್ಮೆ ಮೂರು ಸ್ಟ್ರೈಕ್ ಆಗಿ ಸ್ಟ್ರೈಕ್‌ಔಟ್ ಆದ. ಅವನ ಬ್ಯಾಟಿಂಗ್ ಸರಾಸರಿಯನ್ನು ನಾನು .200 ಎಂದು ಬರೆದೆ. ಮಗಳು ಅದರ ಮೇಲೆ ಗೀಟು ಎಳೆದು .500 ಎಂದು ತಿದ್ದಿದಳು. ಉಳಿದ ಮೂರು ಸರದಿಗಳು ಎಲ್ಲಿ ಹೋದವು? ಹೀಗೆ ಬೇಕಾದದ್ದನ್ನು ಬಿಟ್ಟು ಎಣಿಸುವುದಾದರೆ ಬಾಸ್ಟನ್ನಿನ ಹಳೆಯ ಆಟಗಾರ ಟೆಡ್ ವಿಲಿಯಮ್ಸ್ 1941ರಲ್ಲಿ ಗಳಿಸಿದ .406 ಸರಾಸರಿಗೆ ಇಲ್ಲಿನವರು ಅಷ್ಟು ಗೌರವ ಕೊಡುವುದೇಕೆ?

ಉತ್ತರ (ಸ್ಕೋರು ಪುಸ್ತಕ):
ನಿಮ್ಮ ಮಗಳ ಲೆಕ್ಕವೇ ಸರಿ. ಬ್ಯಾಟಿಂಗ್ ಸರಾಸರಿಯ ಅಂಶದಲ್ಲಿರುವುದು ಹಿಟ್‌ಗಳು (ಚೆಂಡು ಹೊಡೆದು ಬೇಸ್ ತಲುಪಿದ ಸಲಗಳು), ಛೇದದಲ್ಲಿರುವುದು ಆಟ್‌ಬ್ಯಾಟ್‌ಗಳು (ಸರಾಸರಿಗೆ ಲೆಕ್ಕಕ್ಕೆ ಹಿಡಿಯುವ ಸರದಿಗಳು). ವಾಕ್ ಆಗಲಿ, ನೀವು ವರ್ಣಿಸಿದ, ಕ್ಯಾಚ್ ಕೊಟ್ಟೂ ಜೊತೆಗಾರನಿಗೆ ರನ್ ತರುವ ಸ್ಯಾಕ್ರಿಫೈಸ್ ಫ್ಲೈ ಆಗಲಿ ಆಟ್‌ಬ್ಯಾಟ್ ಎನಿಸುವುದಿಲ್ಲ. ಪಿಚರ್ ಹೊಡೆಯುವಂಥ ಚೆಂಡನ್ನೇ ಕೊಡದಿದ್ದರೆ ಅದನ್ನು ಬ್ಯಾಟರ್‌ನ ವೈಫಲ್ಯವೆಂದು ಬರೆಯಬಾರದೆಂಬುದು ಇದರ ಹಿಂದಿನ ನ್ಯಾಯ. ಕ್ರಿಕೆಟ್ಟಿನವರಿಗೆ ಇದು ವಿಚಿತ್ರವಾಗಿ ಕಾಣಬಾರದು: ಬ್ರಾಡ್‌ಮನ್ 80 ಟೆಸ್ಟ್ ಇನ್ನಿಂಗ್ಸ್ ಆಡಿದರೂ ಅವರ 6,996 ರನ್ನುಗಳನ್ನು ನಾವು ಭಾಗಿಸುವುದು 70ರಿಂದ, ಹತ್ತು ಸಲ ಅವರು ನಾಟ್‌ಔಟ್ ಆಗಿದ್ದರು ಎಂಬ ಕಾರಣಕ್ಕೆ.

ಉತ್ತರ (ಹಳೆಯ ಅಂಕಿಅಂಶ):
.406ರ ಬಗ್ಗೆ ಹೇಳುವುದಾದರೆ, ಅದು ಇಂದಿನದಕ್ಕಿಂತ ಕಠಿಣವಾದ ಛೇದದಿಂದ ಬಂದ ಸಂಖ್ಯೆ. 1941ರಲ್ಲಿ ಸ್ಯಾಕ್ರಿಫೈಸ್ ಫ್ಲೈಗೆ ರಿಯಾಯಿತಿ ಇರಲಿಲ್ಲ, ಅದೂ ಆಟ್‌ಬ್ಯಾಟ್ ಆಗಿಯೇ ಸೇರುತ್ತಿತ್ತು. ಈಗಿನ ನಿಯಮ ನೆಲೆಗೊಂಡದ್ದು 1954ರಿಂದ. 1941ರ ಸೆಪ್ಟೆಂಬರ್ 28ರಂದು ಫಿಲಡೆಲ್ಫಿಯಾದಲ್ಲಿ ಋತುವಿನ ಕೊನೆಯ ಎರಡು ಪಂದ್ಯಗಳಿಗೆ ಇಳಿಯುವ ಮುನ್ನ ವಿಲಿಯಮ್ಸ್ 448ಕ್ಕೆ 179 ಹಿಟ್ ಹೊಡೆದಿದ್ದರು, ಅಂದರೆ .39955, ದುಂಡಗೆ ಮಾಡಿದರೆ .400. ಮ್ಯಾನೇಜರ್ ಜೋ ಕ್ರೋನಿನ್ ಬೇಕಿದ್ದರೆ ಆಡದೆ ಕುಳಿತುಕೊಳ್ಳಬಹುದೆಂದರೂ ಅವರು ಆಡಿ, ಎಂಟಕ್ಕೆ ಆರು ಹಿಟ್ ಹೊಡೆದು 456ಕ್ಕೆ 185ರಲ್ಲಿ ಮುಗಿಸಿದರು. ಆ ಮೇಲೆ .400ಕ್ಕೆ ಅತಿ ಹತ್ತಿರ ಹೋದವರು .394ರ ಟೋನಿ ಗ್ವಿನ್. ಆದರೆ 1994ರ ಆ ಋತು ಆಟಗಾರರ ಮುಷ್ಕರದಿಂದ ಆಗಸ್ಟ್‌ನಲ್ಲೇ ನಿಂತುಹೋಯಿತು. ವಿಲಿಯಮ್ಸ್ ಅವರನ್ನು ".400 ದಾಟಿದ ಕೊನೆಯವರು" ಎಂದು ಬರೆಯುವಾಗ ಮಾತ್ರ ಎಚ್ಚರವಿರಲಿ: 2024ರಲ್ಲಿ ನೀಗ್ರೋ ಲೀಗ್‌ಗಳ (ವರ್ಣಭೇದದ ಕಾಲದ ಕಪ್ಪು ಆಟಗಾರರ ಪ್ರತ್ಯೇಕ ಲೀಗ್‌ಗಳ) ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದ ಮೇಲೆ, 1943ರಲ್ಲಿ ಜಾಶ್ ಗಿಬ್ಸನ್ ಗಳಿಸಿದ .466 ಅಲ್ಲಿದೆ. ಬಹಳ ತಡವಾಗಿ ಆದ ತಿದ್ದುಪಡಿ ಅದು.

ಉತ್ತರ (ಎಡಗೈ ಬ್ಯಾಟರ್):
ಸರಾಸರಿಯೊಂದನ್ನೇ ನಂಬಿದರೆ ಮೋಸಹೋಗುತ್ತೀರಿ. 2004ರಲ್ಲಿ ಇಚಿರೊ ಸುಜುಕಿ 704 ಆಟ್‌ಬ್ಯಾಟ್‌ಗಳಲ್ಲಿ ದಾಖಲೆಯ 262 ಹಿಟ್ ಹೊಡೆದು .372 ಗಳಿಸಿದರು. ಅದೇ ವರ್ಷ ಬ್ಯಾರಿ ಬಾಂಡ್ಸ್ .362, ಕಡಿಮೆಯೇ. ಆದರೆ ಪಿಚರ್‌ಗಳು ಹೆದರಿ ಅವರಿಗೆ 232 ವಾಕ್ ಕೊಟ್ಟಿದ್ದರು, ಅದರಲ್ಲಿ 120 ಉದ್ದೇಶಪೂರ್ವಕ. ಹಾಗಾಗಿ ಅವರಿಗೆ ಸಿಕ್ಕ ಆಟ್‌ಬ್ಯಾಟ್ ಬರೀ 373. ಔಟಾಗದೆ ಬೇಸ್ ತಲುಪಿದ ಪ್ರಮಾಣವನ್ನು ಅಳೆಯುವ ಆನ್‌ಬೇಸ್ ಪರ್ಸೆಂಟೇಜ್ ನೋಡಿದರೆ ಇಚಿರೊ .414, ಬಾಂಡ್ಸ್ .609. ಬಾಂಡ್ಸ್ ಸುತ್ತಲಿನ ಉದ್ದೀಪನ ಮದ್ದಿನ ವಿವಾದ ಬೇರೆಯೇ ಮಾತು. ಛೇದದಿಂದ ಏನನ್ನು ಬಿಟ್ಟಿದ್ದಾರೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ಅಂದ ಹಾಗೆ, 1941ರ ವಿಲಿಯಮ್ಸ್ ಅವರ ಆನ್‌ಬೇಸ್ ಪರ್ಸೆಂಟೇಜ್ .553, ನನ್ನ ಮಟ್ಟಿಗೆ .406ಕ್ಕಿಂತ ದೊಡ್ಡ ಸಂಖ್ಯೆ.

ಹೊಸ ಪ್ರೇಕ್ಷಕ:
ಮೂವರಿಗೂ ಧನ್ಯವಾದಗಳು. ಸ್ಯಾಕ್ರಿಫೈಸ್ ಫ್ಲೈ ಆನ್‌ಬೇಸ್ ಲೆಕ್ಕದ ಛೇದಕ್ಕೆ ಸೇರುತ್ತದೆಂದು ಮಗಳು ಈಗ ಹೇಳಿದಳು. ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಎಳೆದು, ಆ ಆಟಗಾರನ ಮುಂದೆ ಐದಕ್ಕೆ ಮೂರು, .600 ಎಂದು ಬರೆದಿದ್ದೇವೆ. ಈ ಸಲ ಐದರಿಂದಲೇ ಭಾಗಿಸಿದ್ದು!