ಅಪ್‌ಡೇಟ್: ಜಿಪ್ಸಿ ಬಾಡಿ ಲಿಫ್ಟ್ ಮುಗೀತು

ಹಳೆ ಮಾರುತಿ ಜಿಪ್ಸಿಗೆ 2 ಇಂಚು ಬಾಡಿ ಲಿಫ್ಟ್ ಮಾಡೋಕೆ, ಅಂದ್ರೆ ಚಾಸಿಯಿಂದ ಬಾಡಿಯನ್ನ ಮೇಲೆತ್ತಿ ಕೂರಿಸೋಕೆ, ನಡುವೆ ಯಾವ ಸ್ಪೇಸರ್ (ಎತ್ತರಕ್ಕೆ ಇಡುವ ತುಂಡು) ಹಾಕಲಿ ಅಂತ ಇಲ್ಲಿ ಕೇಳಿದ್ದೆನಲ್ಲ, ಕೆಲಸ ಮುಗಿಸಿದೆ. ಮರದ ತುಂಡು ಬೇಡ ಅಂದವರಿಗೆ ಥ್ಯಾಂಕ್ಸ್, ನಮ್ಮ ಮಲೆನಾಡಿನ ಮಳೆಗೆ ಅದು ಕೊಳೆತೇ ಹೋಗುತ್ತಿತ್ತು. ಅಲ್ಯೂಮಿನಿಯಂ ಸ್ಪೇಸರೂ ಬೇಡ ಅನ್ನಿಸಿತು, ಅದು ಕಬ್ಬಿಣಕ್ಕೆ ತಾಗಿ ಒದ್ದೆಯಾದರೆ ಬೇಗ ತಿಂದುಹೋಗುತ್ತದೆ. ಅದಕ್ಕೇ ಲೇತ್ ಅಂಗಡಿಯಲ್ಲಿ ನೈಲಾನ್ ರಾಡ್ ಕತ್ತರಿಸಿ ತೂತು ಹೊಡೆಸಿದೆ. ಬೋಲ್ಟ್ 8.8 ಗ್ರೇಡ್ (ಗಟ್ಟಿ ಸ್ಟೀಲ್), ಹಳೆಯದಕ್ಕಿಂತ 2 ಇಂಚು ಉದ್ದ.

ಬಾಡಿ ಎತ್ತಿದ್ದು ಸುಲಭ, ಒಂದು ಪಕ್ಕ ಬೋಲ್ಟ್ ಸಡಿಲಿಸಿ, ಹಲಗೆ ಕೊಟ್ಟು ಜಾಕ್ ಹಾಕಿದರೆ ಆಯ್ತು. ತಲೆನೋವು ಆಮೇಲೆ! ರೇಡಿಯೇಟರ್ ಬಾಡಿ ಜೊತೆ ಮೇಲೆ ಹೋಯ್ತು, ಇಂಜಿನ್‌ಗೆ ಸೇರಿದ ಫ್ಯಾನ್ ಅಲ್ಲೇ ಉಳಿಯಿತು, ರೇಡಿಯೇಟರ್‌ನ ಫ್ಯಾನ್ ಕವರ್‌ಗೆ ಉಜ್ಜತೊಡಗಿತು. ಕವರ್ ಕೆಳಗಿಳಿಸಿ ಕೂರಿಸಿದೆ. ಅರ್ಥ್ ವೈರೂ ಬದಲಾಯಿಸಿದೆ.

ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿರುವ ಗೇರ್ ಗುಂಡು) ಮಾತ್ರ ನೆಲದಿಂದ ಮೊದಲಿನಷ್ಟೇ ಎತ್ತರ, ದೊಡ್ಡ ಟೈರ್ ಹಾಕಿದರೇ ಅದು ಏರೋದು. 200 ಕಿ.ಮೀ. ಓಡಿಸಿ ನೋಡಿದರೆ ಎರಡು ಬೋಲ್ಟ್ ಸಡಿಲ. ಮತ್ತೆ ಬಿಗಿದಿದ್ದೇನೆ.