ಬ್ಯಾಕ್‌ಲಿಂಕ್ ಮತ್ತು ಗೂಗಲ್ ರ‍್ಯಾಂಕಿಂಗ್: ಸದಸ್ಯರ ಪ್ರಶ್ನೆ, ಎಸ್‌ಇಒ (ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ) ಸಲಹೆಗಾರರ ಉತ್ತರ

ಚಿಕ್ಕಪೇಟೆಯ ಸೀರೆ ವ್ಯಾಪಾರಿ: ನಮಸ್ಕಾರ ಸರ್. ನಮ್ಮ ರೇಷ್ಮೆ ಸೀರೆ ಅಂಗಡಿಯ ವೆಬ್‌ಸೈಟಿಗೆ ಏಜೆನ್ಸಿಯೊಂದು ಹಣ ಪಡೆದು ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಬರುವ ಲಿಂಕ್) ಹಾಕಿಸುತ್ತಿತ್ತು. ಕಳೆದ ವಾರ, ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಉಪಕರಣವಾದ ಸರ್ಚ್ ಕನ್ಸೋಲ್‌ನಲ್ಲಿ ಅಸಹಜ ಲಿಂಕ್‌ಗಳ ಕುರಿತು ಮ್ಯಾನ್ಯುಯಲ್ ಆಕ್ಷನ್ ನೋಟಿಸ್ ಬಂದಿದೆ. ಈಗ ಅಂಗಡಿಯ ಹೆಸರಿನಿಂದ ಹುಡುಕಿದರೂ ನಮ್ಮ ಸೈಟು ಮೊದಲ ಪುಟದಲ್ಲಿಲ್ಲ. ಎಲ್ಲ ಲಿಂಕ್‌ಗಳನ್ನೂ ಒಟ್ಟಿಗೆ ಡಿಸ್‌ಅವೋ ಮಾಡಿಬಿಡಿ, ಅಂದರೆ ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ತಿಳಿಸಿಬಿಡಿ ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಇಂದೇ ಮಾಡಲೇ?

ಸಲಹೆಗಾರ: ದಯವಿಟ್ಟು ಇಂದು ಮಾಡಬೇಡಿ. ಕೆಟ್ಟ ಲಿಂಕ್‌ಗಳನ್ನು ಗುರುತಿಸಲು 2012ರಲ್ಲಿ ಗೂಗಲ್ ತಂದ ಪೆಂಗ್ವಿನ್ ಎಂಬ ವ್ಯವಸ್ಥೆ 2016ರಲ್ಲಿ ಗೂಗಲ್‌ನ ಮುಖ್ಯ ಅಲ್ಗಾರಿದಂನ ಭಾಗವಾಯಿತು. ಅಂದಿನಿಂದ ಕೆಟ್ಟ ಲಿಂಕ್‌ಗಳನ್ನು ಅದು ಬಹುಮಟ್ಟಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹೆಚ್ಚಿನ ಸೈಟುಗಳಿಗೆ ಡಿಸ್‌ಅವೋ ಬೇಕಾಗುವುದಿಲ್ಲ. ನಿಮ್ಮ ಸಂಗತಿ ಬೇರೆ: ಮ್ಯಾನ್ಯುಯಲ್ ಆಕ್ಷನ್ ಎಂದರೆ ಗೂಗಲ್‌ನ ಪರಿಶೀಲಕರೊಬ್ಬರು ಸೈಟನ್ನು ಖುದ್ದಾಗಿ ನೋಡಿ ಕೈಗೊಂಡ ಕ್ರಮ. ಮೊದಲು ಏಜೆನ್ಸಿಯ ಕೆಲಸವನ್ನು ಪೂರ್ತಿ ನಿಲ್ಲಿಸಿ, ಡೊಮೈನ್ ನಿಮ್ಮದೇ ಹೆಸರಿನಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಳಿಕ ಸರ್ಚ್ ಕನ್ಸೋಲ್‌ನಿಂದ ಲಿಂಕ್‌ಗಳ ಪಟ್ಟಿಯನ್ನು ಇಳಿಸಿಕೊಂಡು ಒಂದೊಂದನ್ನೂ ನೋಡಿ. ನೇಕಾರರ ಸಂಘವೋ ಪತ್ರಿಕೆಯೋ ತಾನಾಗಿ ಕೊಟ್ಟ ಲಿಂಕ್ ಅದರಲ್ಲಿದ್ದರೆ ಅದು ನಿಮ್ಮ ನಿಜವಾದ ಗಳಿಕೆ, ಅದನ್ನು ಮುಟ್ಟಬೇಡಿ. ಹಣ ಕೊಟ್ಟು ಹಾಕಿಸಿದವನ್ನು ತೆಗೆಯುವಂತೆ, ಇಲ್ಲವೇ ನೋಫಾಲೋ ಅಥವಾ ಸ್ಪಾನ್ಸರ್ಡ್ (ಈ ಲಿಂಕನ್ನು ಸ್ಥಾನಕ್ಕೆ ಎಣಿಸಬೇಡಿ ಎಂದು ಗೂಗಲ್‌ಗೆ ಸೂಚಿಸುವ ಗುರುತುಗಳು) ಎಂದು ಗುರುತಿಸುವಂತೆ ಆಯಾ ಸೈಟಿನವರಿಗೆ ಬರೆದು, ಆ ಪತ್ರಗಳನ್ನು ಉಳಿಸಿಕೊಳ್ಳಿ. ಎಷ್ಟು ಕೇಳಿದರೂ ತೆಗೆಯದವರ ಡೊಮೈನ್‌ಗಳನ್ನು ಮಾತ್ರ ಡಿಸ್‌ಅವೋ ಕಡತಕ್ಕೆ ಸೇರಿಸಿ. ಕೊನೆಗೆ, ನಡೆದದ್ದನ್ನು ಮುಚ್ಚಿಡದೆ ವಿವರಿಸಿ ಮರುಪರಿಶೀಲನೆಗೆ ಅರ್ಜಿ ಹಾಕಿ. ಇಡೀ ಪಟ್ಟಿಯನ್ನು ಕಣ್ಣುಮುಚ್ಚಿ ಡಿಸ್‌ಅವೋ ಮಾಡುವುದನ್ನು ಗೂಗಲ್ ಪ್ರಾಮಾಣಿಕ ಪ್ರಯತ್ನವೆಂದು ಒಪ್ಪುವುದಿಲ್ಲ. ಉತ್ತರಕ್ಕೆ ವಾರಗಳೇ ಹಿಡಿಯಬಹುದು. ಕ್ರಮ ರದ್ದಾದರೂ, ಕೊಂಡ ಲಿಂಕ್‌ಗಳಿಂದ ಬಂದಿದ್ದ ಸ್ಥಾನ ಮರಳಿ ಬರುವುದಿಲ್ಲ ಎಂಬುದನ್ನು ಈಗಲೇ ತಿಳಿದಿರಿ.

ರಾಜಾಜಿನಗರದ ಟ್ಯೂಷನ್ ಕೇಂದ್ರ: ನಮ್ಮ ಡಿಎ (ಡೊಮೈನ್ ಅಥಾರಿಟಿ) 12 ಇದೆ. ಎಷ್ಟಕ್ಕೆ ಏರಿಸಬೇಕು?

ಸಲಹೆಗಾರ: ಡಿಎ ಎಂಬುದು ಸೈಟಿನ ಬಲದ ಬಗ್ಗೆ ಮಾಜ್ ಎಂಬ ಎಸ್‌ಇಒ ಕಂಪನಿ ಮಾಡುವ ಅಂದಾಜು. ಗೂಗಲ್ ಅದನ್ನು ಬಳಸುವುದಿಲ್ಲ.

ಜಯನಗರದ ಬೇಕರಿ: ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ: ‘999 ರೂಪಾಯಿಗೆ 500 ಬ್ಯಾಕ್‌ಲಿಂಕ್, 15 ದಿನದಲ್ಲಿ ಮೊದಲ ಸ್ಥಾನ ಖಾತರಿ.’

ಸಲಹೆಗಾರ: ಇದೇ ಸಂದೇಶವನ್ನು ಈ ಗುಂಪಿನಲ್ಲಿ ಹಿಂದೆಯೂ ಅಳಿಸಿದ್ದೇನೆ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು. ಇಂಥ ಲಿಂಕ್‌ಗಳು ಹೆಚ್ಚಾಗಿ ಬ್ಲಾಗ್‌ಗಳ ಕಾಮೆಂಟಿನಲ್ಲಿ ತುರುಕಿದವು. ಅವುಗಳಿಗೆ ಬೆಲೆ ಇಲ್ಲದಂತೆ ಮಾಡಲೆಂದೇ 2005ರಲ್ಲಿ ನೋಫಾಲೋ ಬಂತು. ಮೇಲಿನ ಸೀರೆ ಅಂಗಡಿಯವರ ಪ್ರಶ್ನೆಯನ್ನು ಓದಿದ ಮೇಲೂ ಇದನ್ನು ಹಂಚಬೇಕೆನಿಸಿತೇ?

ಯಲಹಂಕದ ನರ್ಸರಿ: ಕನ್ನಡದ ಪುಟಗಳಿಗೆ ಬೇರೆ ಡೊಮೈನ್ ಬೇಕೇ, ಇಂಗ್ಲಿಷ್ ಸೈಟಿನಲ್ಲೇ ಇರಿಸಬಹುದೇ?

ಬಸವನಗುಡಿಯ ಛಾಯಾಗ್ರಾಹಕ: ಹಣ ಕೊಡುವುದು ತಪ್ಪಾದರೆ, ಈ ಗುಂಪಿನ ಎಲ್ಲರೂ ಪರಸ್ಪರ ಲಿಂಕ್ ಕೊಟ್ಟುಕೊಳ್ಳೋಣ. ಇದರಲ್ಲಿ ಯಾರಿಗೂ ನಷ್ಟವಿಲ್ಲ.

ಇಂದಿರಾನಗರದ ಒಳಾಂಗಣ ವಿನ್ಯಾಸಕಿ: ನನ್ನ ಸೈಟಿನಲ್ಲಿ ಬೇಕರಿಗೂ ನರ್ಸರಿಗೂ ಲಿಂಕ್ ಏಕಿರಬೇಕು? ನನ್ನ ಗ್ರಾಹಕರಿಗೆ ಅದರಿಂದ ಏನು ಉಪಯೋಗ?

ಛಾಯಾಗ್ರಾಹಕ: ಮೇಡಂ, ನಿಮಗೆ ದೊಡ್ಡ ಗ್ರಾಹಕರಿದ್ದಾರೆ. ಸಣ್ಣವರ ಕಷ್ಟ ನಿಮಗೆ ಅರ್ಥವಾಗದು.

ವಿನ್ಯಾಸಕಿ: ನನ್ನ ವ್ಯಾಪಾರದ ಬಗ್ಗೆ ತಿಳಿಯದೆ ಮಾತನಾಡಬೇಡಿ. ನಾನು ಕೇಳಿದ ಪ್ರಶ್ನೆಗೆ ನೀವಿನ್ನೂ ಉತ್ತರಿಸಿಲ್ಲ.

ಬೇಕರಿ: ಬೇಕರಿಯ ಲಿಂಕ್ ಹಾಕಿದರೆ ನಿಮ್ಮ ಸೈಟಿನ ಅಂತಸ್ತು ಕಡಿಮೆಯಾಗುತ್ತದೆಯೇ?

ಸಲಹೆಗಾರ: ಇಬ್ಬರೂ ವಿಷಯಕ್ಕೆ ಬನ್ನಿ. ಛಾಯಾಗ್ರಾಹಕರು ತಾವು ಚಿತ್ರ ತೆಗೆದ ಕಲ್ಯಾಣ ಮಂಟಪದ ಸೈಟಿಗೆ ಲಿಂಕ್ ಕೊಟ್ಟರೆ ಓದುವವರಿಗೆ ಪ್ರಯೋಜನವಿದೆ, ಅದರಲ್ಲಿ ತಪ್ಪಿಲ್ಲ. ರ‍್ಯಾಂಕಿಂಗ್‌ಗಾಗಿಯೇ ಎಲ್ಲರೂ ಎಲ್ಲರಿಗೂ ಲಿಂಕ್ ಕೊಡುವ ಪುಟವನ್ನು ಗೂಗಲ್‌ನ ನಿಯಮ ಲಿಂಕ್ ಸ್ಪ್ಯಾಮ್ ಎಂದೇ ಕರೆಯುತ್ತದೆ. ವಿನ್ಯಾಸಕಿಯವರ ಪ್ರಶ್ನೆ ಸರಿಯಾಗಿದೆ.

ವಿಜಯನಗರದ ಜಿಮ್: ಸರ್, ಡಿಎ ಎಷ್ಟಿದ್ದರೆ ಒಳ್ಳೆಯದು?

ಸಲಹೆಗಾರ: ಮೇಲೆ ಉತ್ತರಿಸಿದ್ದೇನೆ, ಓದಿ.

ಚಿಕ್ಕಪೇಟೆಯ ಸೀರೆ ವ್ಯಾಪಾರಿ: ಸರ್, ಏಜೆನ್ಸಿಯವರಿಗೆ ಬರೆದೆ. ಲಿಂಕ್ ತೆಗೆಯಲು ಮತ್ತೆ ಹಣ ಕೇಳುತ್ತಿದ್ದಾರೆ.

ಸಲಹೆಗಾರ: ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಡೊಮೈನ್‌ಗಳನ್ನು ಡಿಸ್‌ಅವೋ ಕಡತಕ್ಕೆ ಸೇರಿಸಿ, ಅವರು ಹಣ ಕೇಳಿದ ಸಂಗತಿಯನ್ನು ಅರ್ಜಿಯಲ್ಲಿ ಹಾಗೆಯೇ ಬರೆಯಿರಿ. ಕಳುಹಿಸುವ ಮುನ್ನ ಕಡತವನ್ನು ನನಗೆ ತೋರಿಸಿ.